ಎಷ್ಟಕ್ಕೆ ಬಿಡ್ತೀರಿ?

ಮೇಷ್ಟ್ರ ತೊಂದರೆ ಶುರುವಾದದ್ದು ಒಂದು ಕ್ರಿಯಾಪದದಿಂದ. ವರ್ಷಗಟ್ಟಲೆ ಕೂತು ಕೈಯಾರೆ ಕಟ್ಟಿದ ಕಾರಿನ ಮೇಲೆ ‘ಮಾರಾಟಕ್ಕಿದೆ’ ಎಂದು ಬರೆಯಲು ಮನಸ್ಸು ಬಾರದೆ, ‘ಈ ಕಾರನ್ನು ಕೊಡಲಾಗುವುದು’ ಎಂದು ಬರೆದು, ಕೆಳಗೆ ಫೋನ್ ನಂಬರು ಹಾಕಿ ಗಾಜಿಗೆ ಅಂಟಿಸಿದರು.

ಅಜ್ಜನ ಕಾಲದ ಮೈ, ಹಾಲಿನ ವ್ಯಾನಿನ ಎಂಜಿನ್, ಹಳೇ ಸೋಫಾದ ಸೀಟು, ದೋಣಿಯ ಹಾರನ್. ಭೌತಶಾಸ್ತ್ರ ಕಲಿಸುವ ಮೇಷ್ಟ್ರಿಗೆ ಅದೊಂದು ಪ್ರಯೋಗಶಾಲೆ. ಆದರೆ ಕಾರು ನಿಂತಿದ್ದ ಬೀದಿಬದಿಯ ಶೆಡ್ಡಿನಲ್ಲೇ ಹೆಂಡತಿ ಅಂಗಡಿ ತೆರೆಯಲಿದ್ದರು; ಮರುದಿನವೇ ಹೊಲಿಗೆ ಯಂತ್ರಗಳು ಬರುವುದಿತ್ತು.

"ಸಂಜೆಯೊಳಗೆ ಶೆಡ್ ಖಾಲಿ ಆಗ್ಬೇಕು. ಇಲ್ಲಾಂದ್ರೆ ಆ ಸೋಫಾ ಬಿಚ್ಚಿ ಗಿರಾಕಿಗಳನ್ನ ಕೂರಿಸ್ತೀನಿ."

"ಇರು, ನ್ಯಾಯವಾದ ಬೆಲೆ ಗೊತ್ತಾಗ್ಲಿ."

ಇಂಥ ಕಾರು ಇನ್ನೊಂದಿಲ್ಲವಾದ್ದರಿಂದ ಹೋಲಿಸಿ ನೋಡುವಂತಿರಲಿಲ್ಲ. ಅಕ್ಕಪಕ್ಕದವರನ್ನೇ ಕೇಳಿದರು. ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಸಾವಿನ ಮನೆಗೆ ಬಂದವನಂತೆ ತಲೆಯಾಡಿಸಿ, "ತೂಕಕ್ಕೆ ಹಾಕಿದ್ರೆ ಐವತ್ತು ಸಾವಿರ," ಎಂದ. ಎದುರುಮನೆಯ ನಿವೃತ್ತ ಕ್ಯಾಷಿಯರು, ಕೊಡಬೇಕಾದದ್ದು ತಮ್ಮ ದುಡ್ಡಲ್ಲವಾದ್ದರಿಂದ, "ಹತ್ತು ಲಕ್ಷಕ್ಕೆ ಒಂದ್ರೂಪಾಯಿ ಕಮ್ಮಿ ಆದ್ರೂ ಕೊಡ್ಬೇಡಿ," ಎಂದರು.

ಭಾವಮೈದ ಮಾತ್ರ, "ಭಾವ, ಇದಕ್ಕೆ ಬೆಲೆ ಕಟ್ಟೋಕಾಗಲ್ಲ," ಎಂದ. ಅದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಮೇಷ್ಟ್ರು ಅದನ್ನು ಕೈಬಿಟ್ಟು, ಉಳಿದೆರಡರ ಸರಾಸರಿ ತೆಗೆದರು. ಐದೂಕಾಲು ಲಕ್ಷ ಬಂತು. ಸಂಕೋಚಕ್ಕೆಂದು ಕಾಲು ಕಳೆದರು.

ಮಧ್ಯಾಹ್ನ ಕನ್ನಡಕದ ಅಂಗಡಿಯವರು ಬಂದು ಕಾರಿನ ಸುತ್ತ ಓಡಾಡಿದರು. "ನಾಲ್ಕೂವರೆ ಕೊಡ್ತೀನಿ. ಈಗ್ಲೇ."

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಯಾರೋ ಯುವಕ. "ಸಾರ್, ಕಾರಿನ ಮೇಲಿನ ಬೋರ್ಡು ನೋಡ್ದೆ. ಎಷ್ಟಕ್ಕೆ ಬಿಡ್ತೀರಿ?"

"ಐದಕ್ಕೆ ಬಿಡ್ತೀನಿ."

"ಐದು ಕಷ್ಟ ಸಾರ್. ಐದೂವರೆ ಮಾಡ್ಕೊಳ್ಳಿ."

ಮೇಷ್ಟ್ರು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದರು. ಚೌಕಾಸಿ ಕೆಳಗಿನಿಂದ ಮೇಲಕ್ಕೆ ಹರಿಯುವುದನ್ನು ಅವರು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

"ಐದೂವರೇನಾ?"

"ಆರು ಅಂದ್ರೂ ನಂಗೆ ಸರಿ. ಆದ್ರೆ ನಮ್ಮತ್ತೆ ಬಯ್ತಾರೆ."

"ಬೇಡ ಬೇಡ, ಐದೂವರೆ ಸಾಕು. ಅತಿಯಾಸೆ ಒಳ್ಳೇದಲ್ಲ."

"ಹಾಗಾದ್ರೆ ಸಂಜೆ ಎಲ್ಲಾರೂ ಬಂದ್ಬಿಡ್ತೀವಿ."

ಮೇಷ್ಟ್ರು ಕನ್ನಡಕದವರತ್ತ ಕನಿಕರದಿಂದ ತಿರುಗಿದರು. "ಕ್ಷಮಿಸಿ, ಮಾತಾಗೋಯ್ತು."

"ಪರವಾಗಿಲ್ಲ ಬಿಡಿ. ಮೆಕ್ಯಾನಿಕ್ ಹತ್ರ ಒಂದು ಹಳೇ ಜೀಪಿದೆಯಂತೆ," ಎಂದು ಅವರು ಹೊರಟರು.

ಕಾರು ಮದುಮಗಳಂತೆ ಮಿಂದು ಬೀದಿಗೆ ಬಂತು. ಹೆಂಡತಿ ಹಾಡು ಗುನುಗುತ್ತ ಖಾಲಿ ಶೆಡ್ಡಿಗೆ ಟೇಪು ಹಿಡಿದರು. ಕ್ಯಾಷಿಯರು ಸುದ್ದಿಯನ್ನು ಮನೆಮನೆಗೆ ಹಂಚಿ ಬರುವಾಗ ಅದು ಏಳು ಲಕ್ಷವಾಗಿತ್ತು.

ಸಂಜೆ ಬಂದವರು ಮೂವರು: ಸೂಟು ತೊಟ್ಟ ಯುವಕ, ಮೈತುಂಬ ಒಡವೆ ಹಾಕಿದ ಹುಡುಗಿ, ಅವಳ ತಾಯಿ. ಮೇಷ್ಟ್ರು ಬಾನೆಟ್ಟನ್ನು ಕೊನೆಯ ಸಲ ಸವರಿ ಕೀಲಿಕೈ ಚಾಚಿದರು.

"ನಂಗ್ಯಾಕೆ ಸಾರ್?" ಎಂದ ಯುವಕ. "ಗಾಡಿ ಬಿಡೋರು ನೀವಲ್ವಾ? ಈಗ ಐದೂವರೆ. ಆರಕ್ಕೆ ನಮ್ ಮದುವೆ ಪಾರ್ಟಿ."

ಅತ್ತೆ ಆಗಲೇ ಸೋಫಾದಲ್ಲಿ ಕೂತಾಗಿತ್ತು. "ಬೋರ್ಡಲ್ಲಿ ಕೊಡಲಾಗುವುದು ಅಂತ ಇದೆಯಲ್ಲ. ಬಾಡಿಗೆಗೆ ತಾನೆ?"

ಮೇಷ್ಟ್ರು ತಮ್ಮದೇ ಬೋರ್ಡನ್ನು ಮತ್ತೊಮ್ಮೆ ಓದುತ್ತಿರುವಾಗ ಕನ್ನಡಕದವರು ಜೀಪಿನಲ್ಲಿ ಕೈಬೀಸುತ್ತ ಹಾದುಹೋದರು. ಪಕ್ಕದಲ್ಲಿ ಕೂತ ಮೆಕ್ಯಾನಿಕ್ಕೂ ಬೀಸಿದ.

ಹೆಂಡತಿ ಗಂಡನನ್ನು ನೋಡಿದರು, ಹುಡುಗಿಯ ರವಿಕೆಯ ಹೊಲಿಗೆಯನ್ನು ನೋಡಿದರು, ಟೇಪನ್ನು ಕೊರಳಿಗೆ ಹಾಕಿಕೊಂಡು ಮುಂದಿನ ಸೀಟು ಹತ್ತಿದರು. "ನಡೀರಿ. ನಂಗಾದ್ರೂ ನಾಲ್ಕು ಗಿರಾಕಿ ಸಿಗ್ಲಿ. ನಾಳೆಯಿಂದ ಕಾರು ಬೀದೀಲಿ, ನೀವು ಕಾರಲ್ಲಿ."

ದೋಣಿಯ ಹಾರನ್ನು ಮೊಳಗಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ತಿರುವಿನಲ್ಲಿ ಯುವಕ ಮುಂದಕ್ಕೆ ಬಾಗಿದ.

"ಅಂದಹಾಗೆ ಸಾರ್, ಬಾಡಿಗೆ ಎಷ್ಟು?"

ಮೇಷ್ಟ್ರು ಬ್ರೇಕು ಒತ್ತಿದರು. "ಒಂದ್ನಿಮಿಷ ಇರಿ. ಅಕ್ಕಪಕ್ಕದವರನ್ನ ಕೇಳ್ಕೊಂಡು ಬರ್ತೀನಿ."