ಅಪ್ಪಚ್ಚಿಯಾಗದ ನಿಂಬೆಹಣ್ಣು

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನು ಓದಿದ ಮೇಲೆ ನೀವು ನನ್ನ ಮಾತು ನಂಬುವುದಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮನುಷ್ಯ ಸರ್ಕಾರಿ ಹರಾಜಿನಲ್ಲಿ ಹಳೆಯ ಪಿಕಪ್ ಗಾಡಿಯೊಂದನ್ನು ಹಿಡಿದು ಬಸವನಗುಡಿಗೆ ತಂದರೆ ಜನ ಏನಂದುಕೊಳ್ಳಬೇಕು? ತರಕಾರಿ ವ್ಯಾಪಾರ ಅಂದುಕೊಂಡರು. ಮಾವ ಅದರಲ್ಲಿ ಸಾಗಿಸಿದ ಅತಿ ಭಾರದ ಸರಕು ಗಾಂಧಿ ಬಜಾರಿನ ಎರಡು ಕಟ್ಟು ಬಾಳೆಎಲೆ!

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಗಾಡಿಗಳ ವೇಗ ತಗ್ಗಿಸಲು ಬೀದಿಗೆ ನಾಲ್ಕು ಹಂಪು ಎದ್ದಿದ್ದ ಕಾಲ. ಎದುರುಮನೆಯ ವಕೀಲರು ತಮ್ಮ ಗೇಟಿನ ಮುಂದೆ ತಾವೇ ಒಂದನ್ನು ಹಾಕಿಸಿಕೊಂಡಿದ್ದರು. ಅದನ್ನು ಹಂಪು ಎನ್ನುವುದು ತಪ್ಪು, ಸಣ್ಣ ಗುಡ್ಡ! ಮಾವನ ಗಾಡಿಯ ಸೈಲೆನ್ಸರ್ ದಿನಾ ಅದಕ್ಕೆ ಬಡಿಯುತ್ತಿತ್ತು. ಸ್ವಲ್ಪ ತಗ್ಗಿಸಿ ಎಂದು ಕೇಳಿದ್ದಕ್ಕೆ ವಕೀಲರು, ನೀವೇ ಗಾಡಿ ಎತ್ತರ ಮಾಡಿಕೊಳ್ಳಿ ಎಂದು ನಕ್ಕರಂತೆ. ನಗಬಾರದಿತ್ತು.

ಮರುದಿನವೇ ಮಾವ ನನ್ನನ್ನು ಜೆ.ಸಿ. ರಸ್ತೆಗೆ ಎಳೆದುಕೊಂಡು ಹೋದರು. ಅಂಗಡಿ ಅಂಗಡಿಯಲ್ಲೂ ಟೈರುಗಳನ್ನು ತೆಂಗಿನಕಾಯಿ ಆರಿಸುವವರ ಹಾಗೆ ತಟ್ಟಿ, ಕಿವಿಗೊಟ್ಟು ಕೇಳಿದರು. ಟೈರು ಏನು ಹೇಳುತ್ತದೋ ದೇವರಿಗೇ ಗೊತ್ತು! ಕೊನೆಗೆ ಒಪ್ಪಿದ್ದು ಬಟನ್ ಟೈರು. ಮೈತುಂಬ ರಬ್ಬರಿನ ಗಡ್ಡೆಗಳು, ಎರಡು ಗಡ್ಡೆಗಳ ನಡುವೆ ಹೆಬ್ಬೆರಳು ಪೂರ್ತಿ ಮುಳುಗುವಷ್ಟು ಸಂದು. ಇದು ಹೊಲಗದ್ದೆಗೆ ಸಾರ್, ನಿಮ್ಮದು ಯಾವ ಊರು ಎಂದು ಅಂಗಡಿಯವನು ಕೇಳಿದ. ಮಾವ ಗಂಭೀರವಾಗಿ "ಬಸವನಗುಡಿ" ಎಂದರು.

ಆ ಟೈರು ಕೂರಬೇಕಲ್ಲ? ಚಾಮರಾಜಪೇಟೆಯ ಮೆಕ್ಯಾನಿಕ್ ಸ್ಪ್ರಿಂಗಿಗೆ ಹೆಚ್ಚಿನ ಪ್ಲೇಟು ಸೇರಿಸಿ ಗಾಡಿಯನ್ನು ನಾಲ್ಕಿಂಚು ಎತ್ತಿದ. ತಿರುವಿನಲ್ಲಿ ನಿಧಾನ ಮೇಷ್ಟ್ರೇ ಎಂದು ಕೈಮುಗಿದ. ಅಂದು ಸಂಜೆ ಗಾಡಿ ವಕೀಲರ ಗುಡ್ಡವನ್ನು ಸದ್ದಿಲ್ಲದೆ ದಾಟಿತು. ಮಾವ ರಿವರ್ಸ್ ಬಂದು ಮತ್ತೆ ದಾಟಿದರು. ಹೀಗೆ ಏಳು ಸಲ!

ನೆಂಟರೆಲ್ಲ ಬಂದು ಬುದ್ಧಿ ಹೇಳಿದರು. ಎಲ್ಲರಿಗೂ ಒಂದೇ ಉತ್ತರ: "ಒಂದಿಂಚೂ ಇಳಿಸಲ್ಲ." ಆದರೆ ಮಾವನಿಗೆ ಒಂದು ಕೊರಗಿತ್ತು. ಅತ್ತೆ ಪಕ್ಕದ ಸೀಟಿನಲ್ಲಿ ಕೂತು, ಇಬ್ಬರೂ ಆ ಹಂಪಿನ ಮೇಲೆ ಮೆರವಣಿಗೆ ಹೋಗಬೇಕು ಎಂಬುದೇ ಅವರ ಪರಮ ಆಸೆ. ಅತ್ತೆಯೋ, ಆಯುಧಪೂಜೆ ಆಗದೆ ಹತ್ತುವುದಿಲ್ಲ ಎಂದುಬಿಟ್ಟರು.

ಆಯುಧಪೂಜೆ ಬಂತು. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಾಯಿತು, ಗಾಡಿ ಮುಂದೆ ಹೋಯಿತು. ಮೂರು ಅಪ್ಪಚ್ಚಿ. ನಾಲ್ಕನೆಯದು ಟೈರಿನ ಸಂದಿನಲ್ಲಿ ಹಾಯಾಗಿ ಕೂತು, ಒಂದು ಸುತ್ತು ಹೊಡೆದು ಬಂದಿತ್ತು! ದೃಷ್ಟಿ ಹೋಗಿಲ್ಲ, ಹತ್ತಲ್ಲ ಎಂದರು ಅತ್ತೆ. ಮರುವರ್ಷವೂ ಹಾಗೆಯೇ ಆಯಿತು. ಊರಿಗೆಲ್ಲ ಎದುರು ನಿಂತ ಮಾವ ಒಂದು ನಿಂಬೆಹಣ್ಣಿನ ಮುಂದೆ ಪೆಚ್ಚಾಗಿ ನಿಂತಿದ್ದರು.

ಮೂರನೆಯ ವರ್ಷ ಕುಂಕುಮದ ಬಟ್ಟಲು ಹಿಡಿದು ನಾನು ಚಕ್ರದ ಬಳಿ ಕೂತಿದ್ದೆ. ಆಗ ಕಂಡಿತು. ಅತ್ತೆ ಸೆರಗಿನಿಂದ ಗೋಲಿಯಷ್ಟು ಸಣ್ಣ ಹಣ್ಣೊಂದನ್ನು ತೆಗೆದು, ಹೆಬ್ಬೆರಳಿನಿಂದ ಸಂದಿಗೆ ಒತ್ತಿ ಕೂರಿಸುತ್ತಿದ್ದರು! ಮಾರುಕಟ್ಟೆಯಲ್ಲಿ ಹಣ್ಣನ್ನು ಅವರೇ ಆರಿಸುತ್ತಿದ್ದುದು ಏಕೆಂದು ಆಗ ಅರ್ಥವಾಯಿತು. ನಾನು ಬಾಯಿ ತೆರೆಯುವ ಮೊದಲೇ ಕೈಹಿಡಿದರು.

"ಮಂಡಿ ಎತ್ತಕ್ಕಾಗಲ್ಲ ಕಣೋ. ಅಷ್ಟೆತ್ತರ ಹೆಂಗ್ ಹತ್ಲಿ? ಆಗಲ್ಲ ಅಂದ್ರೆ ನಿಮ್ಮಾವ ನಾಳೇನೇ ಇಳಿಸ್ತಾರೆ. ಬೀದಿಯೆಲ್ಲ ನಗತ್ತೆ. ನನ್ ದೆಸೆಯಿಂದ ಅವ್ರು ತಲೆ ತಗ್ಸೋದು ಬೇಡ."

ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಜಾತಿಯವನಲ್ಲ ನಾನು. ಸಂಜೆಯೊಳಗೆ ಮಾವನಿಗೆ ಹೇಳಿಬಿಟ್ಟೆ. ಅವರು ಗೇಟಿನ ಬಳಿ ಹೋಗಿ ಗಾಡಿಯ ಆ ಎತ್ತರದ ಬಾಗಿಲನ್ನು ಮೊದಲ ಸಲ ನೋಡುವವರಂತೆ ನೋಡುತ್ತ ನಿಂತರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ವಾರದೊಳಗೆ ಗಾಡಿ ಚಾಮರಾಜಪೇಟೆಗೆ ಹೋಗಿ ಹಳೆಯ ಎತ್ತರಕ್ಕೆ, ಹಳೆಯ ಟೈರಿಗೆ ಮರಳಿತು. ಮಾವ ಅತ್ತೆಯ ರಟ್ಟೆ ಹಿಡಿದು ಸೀಟಿನಲ್ಲಿ ಕೂರಿಸುತ್ತಿದ್ದಾಗ ವಕೀಲರು ಗೇಟಿಗೆ ಬಂದರು.

"ಏನ್ ಮೇಷ್ಟ್ರೇ, ಕೊನೆಗೂ ಇಳಿಸ್ಬಿಟ್ರಾ?"

"ನಾನೆಲ್ರೀ ಇಳಿಸ್ದೆ?" ಎಂದರು ಮಾವ, ಎದೆ ಸೆಟೆಸಿ. "ಇವಳನ್ನ ಹತ್ತಿಸಿದೀನಿ."

ಗಾಡಿ ಹೊರಟಿತು. ವಕೀಲರ ಗುಡ್ಡಕ್ಕೆ ಸೈಲೆನ್ಸರ್ ಬೀದಿಗೆಲ್ಲ ಕೇಳುವಂತೆ ಬಡಿಯಿತು. ಒಳಗಿದ್ದ ಇಬ್ಬರಲ್ಲಿ ಒಬ್ಬರೂ ಹಿಂತಿರುಗಿ ನೋಡಲಿಲ್ಲ.