ಮಾಮಾನ ಮೈಯ ನೆನಪು

ನಮ್ಮ ಸೋದರಮಾವನ ತಲೆಗೆ ನೆನಪಿನ ಶಕ್ತಿ ಎಂಬುದೇ ಇಲ್ಲ, ಇರುವುದೆಲ್ಲ ಮೈಗೆ! ಇದು ನನ್ನ ಆರೋಪವಲ್ಲ. ಭೀಮರಾಯನಗುಡಿ ಕ್ಯಾಂಪಿನಲ್ಲಿ ಕಾಲುವೆ ಕೆಲಸದವರ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ಮಾಮಾ ತಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ಸೈಕಲ್ ಮೇಲೆ ಶಹಾಪುರದ ಸಂತೆಗೆ ಹೋಗಿ ಬಸ್ಸಿನಲ್ಲಿ ಮರಳುವ ಆಸಾಮಿ ಅವನು. ಸೈಕಲ್ ಎಲ್ಲಿ ಎಂದು ಅತ್ತೆ ಕೇಳಿದರೆ ಪಾಠ ಶುರು: ತಲೆ ಮರೆತರೇನಾಯಿತು, ತನ್ನ ರಕ್ತದ ಬಿಳಿ ಕಣಗಳು ಒಮ್ಮೆ ಬಂದ ರೋಗಾಣುವಿನ ಮುಖವನ್ನು ಮರೆಯುವುದಿಲ್ಲ, ಎರಡನೇ ಸಲ ಬಂದರೆ ಬಾಗಿಲಲ್ಲೇ ಹಿಡಿಯುತ್ತವೆ! ಅತ್ತೆಗೆ ಬೇಕಾಗಿದ್ದದ್ದು ಹ್ಯಾಂಡಲಿಗೆ ನೇತುಹಾಕಿದ್ದ ಕಾಯಿಪಲ್ಲೆ.

ಇಂಥ ಮೈಗೂ ಸುರಪುರದಲ್ಲಿ ಸೋಲಾಗುತ್ತಿತ್ತು. ಅತ್ತೆಯ ತವರಿಗೆ ಹೋಗಿಬಂದರೆ ಸಾಕು, ಮೂಗು ಸೋರುತ್ತಿತ್ತು. ಮಾಮಾನ ಪ್ರಕಾರ ರೋಗಾಣುವಿನೊಡನೆ ಹೋರಾಡುವ ಒಂದೊಂದು ಪ್ರತಿಕಾಯಕ್ಕೆ ಒಂದೇ ರೋಗದ ಗುರುತು. ಕ್ಯಾಂಪಿನ ನೆಗಡಿಗಳೆಲ್ಲ ತನಗೆ ಪರಿಚಿತ, ಸುರಪುರದ್ದು ಹೊಸದು, ಮುಂದಿನ ಸಲ ಬರಲಿ ನೋಡೋಣ ಎಂದು ಸವಾಲು ಹಾಕಿದ. ಮುಂದಿನ ಸಲವೂ ಸೀನುತ್ತಲೇ ಬಂದ! ಅತ್ತೆ ಬಾಯಿ ತೆರೆಯುವ ಮೊದಲೇ ಹೇಳಿದ: "ಇದು ಬ್ಯಾರೇ ನೆಗಡಿ. ನಿಮ್ಮ ಊರಾಗ ಭಾಳ ನಮೂನಿ ಅದಾವ."

ಅತ್ತೆ ಎರಡು ದಿನ ಅವನೊಂದಿಗೆ ಮಾತಾಡಲಿಲ್ಲ.

ನಾನು ಆ ಮನೆಯಲ್ಲಿದ್ದುಕೊಂಡೇ ಹತ್ತನೇ ಕ್ಲಾಸು ಓದುತ್ತಿದ್ದೆ. ಪರೀಕ್ಷೆಗೆ ತಿಂಗಳಿರುವಾಗ ಜ್ವರ ಬಂದು ಮೈತುಂಬ ನೀರುಗುಳ್ಳೆ ಎದ್ದವು. ಸೀತಾಳೆ ಸಿಡುಬು; ಎಲ್ಲರೂ ಅಮ್ಮ ಬಂದಳು ಎಂದರು. ನಮ್ಮ ಕಡೆ ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಹುಣಸಗಿಯಲ್ಲಿದ್ದ ನನ್ನ ಅವ್ವ ಹಸಿ ಬಾಣಂತಿ, ಬರಲಾರಳು. ಅತ್ತೆಗೆ ಎಂದೂ ಈ ರೋಗ ಬಂದಿರಲಿಲ್ಲ. ಹಾಗಾದರೆ ನನ್ನನ್ನು ನೋಡಿಕೊಳ್ಳುವವರು ಯಾರು?

"ನನಗ ಸಣ್ಣಾಂವ ಇದ್ದಾಗೇ ಬಂದು ಹೋಗ್ಯದ," ಎಂದ ಮಾಮಾ, ಸಾಕ್ಷಿಗೆ ಹಣೆಯ ಮೇಲಿನ ಕಲೆ ತೋರಿಸಿದ. ಅತ್ತೆಯನ್ನು ಸುರಪುರದ ಬಸ್ಸು ಹತ್ತಿಸಿಯೇಬಿಟ್ಟ.

ಹತ್ತು ದಿನ ಅವನದೇ ಅಡುಗೆ. ಒಮ್ಮೆ ಸ್ಟೋವ್ ಹಚ್ಚುವುದನ್ನೇ ಮರೆತು, ಅನ್ನ ಯಾಕೆ ಕುದಿಯುತ್ತಿಲ್ಲವೆಂದು ಮುಕ್ಕಾಲು ಗಂಟೆ ಕಾದ! ಆದರೆ ನನಗೆ ಗಂಜಿ ಕುಡಿಸುವುದನ್ನು ಮಾತ್ರ ಒಂದು ಹೊತ್ತೂ ಮರೆಯಲಿಲ್ಲ. ಗುಳ್ಳೆ ಕೆರೆದುಕೊಳ್ಳದಂತೆ ನನ್ನ ಕೈಗಳಿಗೆ ತನ್ನ ಹಳೆಯ ಧೋತರದ ಬಟ್ಟೆ ಸುತ್ತಿದ. ಪ್ರತಿ ಬೆಳಗ್ಗೆ ಯುದ್ಧದ ವರದಿ ಬೇರೆ: ಇಂದು ಬಿಳಿ ಕಣಗಳು ವೈರಿಯ ಗುರುತು ಹಿಡಿದಿವೆ, ನಾಳೆ ಪ್ರತಿಕಾಯಗಳ ದಂಡು ಹೊರಡುತ್ತದೆ! ನಾನು ಅಳುವುದನ್ನು ಬಿಟ್ಟು ನಗುತ್ತಿದ್ದೆ.

ಹಕ್ಕಳೆಗಳು ಒಣಗಿದ ಮೇಲೆ ಗೋಗಿಯಿಂದ ಆಯಿ ಬಂದಳು, ಅಂದರೆ ನನ್ನಜ್ಜಿ, ಮಾಮಾನ ತಾಯಿ. ಮಾಮಾನಿಗೆ ಸಣ್ಣವನಿದ್ದಾಗಲೇ ಅಮ್ಮ ಬಂದುಹೋಗಿದ್ದು ನನ್ನ ಪುಣ್ಯ ಎಂದೆ.

"ಇವಗ ಯಾವಾಗ ಬಂದಿತ್ತು?" ಎಂದಳು ಆಯಿ. "ಹಣಿ ಮ್ಯಾಲಿನ ಆ ಕಲಿ ಬಂಡಿ ಮ್ಯಾಲಿಂದ ಬಿದ್ದು ಆಗಿದ್ದು."

ಇದನ್ನೂ ಮರೆತನಲ್ಲ ಮಹಾರಾಯ ಎಂದು ನಾನು ನಕ್ಕೆ. ಮಾಮಾ ನಗಲಿಲ್ಲ.

"ನಿನಗ ಗೊತ್ತಿತ್ತೇನು ಮಾಮಾ?"

"ಗೊತ್ತಿತ್ತವಾ. ಖರೇ ಹೇಳಿದ್ರ ನಿಮ್ಮತ್ತಿ ಊರಿಗಿ ಹೋಗ್ತಿದ್ದಳೇನು? ನಿನ್ನ ಬಾಜೂಕ ಯಾರು ಕೂಡಬೇಕಿತ್ತು?"

ಅಳುತ್ತ ಎಷ್ಟು ಹೊತ್ತು ಕುಳಿತೆನೋ ಗೊತ್ತಿಲ್ಲ.

ಆಯಿ ಬಂದ ನಾಲ್ಕನೇ ದಿನ ಮಾಮಾನ ಎದೆಯ ಮೇಲೆ ಮೊದಲ ಗುಳ್ಳೆ ಕಾಣಿಸಿತು. ದೊಡ್ಡವರಿಗೆ ಬಂದರೆ ಈ ರೋಗ ಬಹಳ ಕಾಡುತ್ತದೆ ಎಂದು ಡಾಕ್ಟರು ಹೇಳಿದರು, ಕಾಡಿಯೇ ಬಿಟ್ಟಿತು. ಕೊನೆಗೆ ಮಾಮಾ ಗುಣವಾದ ಅನ್ನಿ. ಆದರೆ ಜ್ವರ ಏರಿದ್ದ ಆ ಮಧ್ಯಾಹ್ನ ಕಣ್ಣು ತೆರೆದು ನನ್ನನ್ನು ನೋಡಿ, ಪರೀಕ್ಷೆ ಹತ್ತಿರ ಬಂದದ, ದೂರ ಕೂಡು ಎಂದು ಹೇಳುತ್ತ ಕೈಸನ್ನೆ ಮಾಡಿದ.

"ನನಗ ಖರೇನೇ ಬಂದು ಹೋಗ್ಯದ ಮಾಮಾ," ಎಂದು ಆ ಕೈಯನ್ನು ಹಿಡಿದುಕೊಂಡೆ.