ಮೂರು ನಿಮಿಷದ ಸುಂಟರಗಾಳಿ

ಪ್ರಕೃತಿಯ ಮುಂದೆ ಮನುಷ್ಯ ಹುಲ್ಲುಕಡ್ಡಿಗೆ ಸಮಾನ ಎಂದು ತಿಳಿದವರು ಹೇಳುತ್ತಾರೆ. ಸರಕಾರಿ ನೌಕರನ ಸ್ಥಿತಿ ಅದಕ್ಕಿಂತ ಒಂದು ದರ್ಜೆ ಕೆಳಗೆ. ಗಾಳಿ ಬೀಸಿದರೆ ಹುಲ್ಲುಕಡ್ಡಿ ಹಾರಿದರಾಯಿತು. ಹಾರುವ ಮುನ್ನ ಎಲ್ಲಿ ನಿಲ್ಲಬೇಕು, ಯಾರ ಹಿಂದೆ ನಿಲ್ಲಬೇಕು, ನಿಂತದ್ದರ ವರದಿಯನ್ನು ಮೂರು ಪ್ರತಿಗಳಲ್ಲಿ ಯಾರಿಗೆ ಕಳಿಸಬೇಕು ಎಂದು ಅದಕ್ಕೆ ಯಾರೂ ಸುತ್ತೋಲೆ ಹೊರಡಿಸುವುದಿಲ್ಲ. ನಮಗೆ ಹೊರಡಿಸಿದರು.

ಎಂಬತ್ತರ ದಶಕದ ಕೊನೆಯ ಮಾತು. ನಾನು ನಿಪ್ಪಾಣಿಯ ಒಂದು ಸಣ್ಣ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಹೆಂಡತಿ, ಮಕ್ಕಳು, ಎಮ್ಮೆ ಎಲ್ಲ ಚಿಕ್ಕೋಡಿಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಬರುವುದು, ಸಂಜೆ ಬಸ್ಸಿನಲ್ಲಿ ನಿಂತು ಹೋಗುವುದು, ನಡುವೆ ಕಚೇರಿಯಲ್ಲಿ ಕೂತು ಸುಧಾರಿಸಿಕೊಳ್ಳುವುದು, ಹೀಗೆ ಒಂಬತ್ತು ವರ್ಷ ಕಳೆದಿದ್ದವು. ನನ್ನ ಮೊಣಕಾಲುಗಳು ನನಗಿಂತ ಮೊದಲೇ ನಿವೃತ್ತಿಯ ವಯಸ್ಸಿಗೆ ಬಂದಿದ್ದವು. ಆ ಬೇಸಿಗೆಯಲ್ಲಿ ಚಿಕ್ಕೋಡಿ ಕಚೇರಿಯಲ್ಲಿ ನನ್ನ ದರ್ಜೆಯ ಕುರ್ಚಿಯೊಂದು ಖಾಲಿಯಾಗುವುದಿತ್ತು. ವರ್ಗಾವಣೆಗೆ ನಾನು ಹಾಕಿದ ಅರ್ಜಿ ನಮ್ಮ ದೇಸಾಯಿ ಸಾಹೇಬರ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗೆ ಮಲಗಿತ್ತು. ಸಾಹೇಬರು ಒಂದು ದಿನ ಅದನ್ನು ಎತ್ತಿದರು. ನಾನು ಪೆನ್ನಿನ ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ. ಅದರ ಕೆಳಗಿದ್ದ ಸುತ್ತೋಲೆಯನ್ನು ತೆಗೆದು ನನ್ನ ಕೈಗಿಟ್ಟರು.

"ಈ ಗಾಳೀದೊಂದು ಮುಗಿಸಿಕೊಡ್ರಿ. ಅದರ ವರದಿ ಜೋಡಿ ನಿಮ್ಮ ಅರ್ಜೀನೂ ಶಿಫಾರಸು ಬರದು ಕಳಸ್ತೀನಿ."

ಸುತ್ತೋಲೆ ಹೇಳಿದ್ದಿಷ್ಟು: ಸುಂಟರಗಾಳಿಯ ಸೂಚನೆ ಸಿಕ್ಕ ಮೂರು ನಿಮಿಷದೊಳಗೆ ಸಿಬ್ಬಂದಿಯೆಲ್ಲ ಕಟ್ಟಡದ ನೆಲಮಟ್ಟದಲ್ಲಿ, ನಡುವಿನಲ್ಲಿ ಇರುವ, ಕಿಟಕಿಯಿಲ್ಲದ ಕೋಣೆಯಲ್ಲಿ ಸೇರಬೇಕು. ಕಚೇರಿಯ ಮುಖ್ಯಸ್ಥರು ಎಲ್ಲರನ್ನೂ ಒಳಗೆ ಬಿಟ್ಟು ಕೊನೆಯಲ್ಲಿ ಬರಬೇಕು. ಇದನ್ನು ತಾಲೀಮು ಮಾಡಿ ವರದಿ ಸಲ್ಲಿಸಬೇಕು. ಇದನ್ನು ಬರೆದ ಪುಣ್ಯಾತ್ಮ ಯಾವ ದೇಶದ ಗಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನೋ ತಿಳಿಯದು. ನಾನು ಕಂಡ ಸುಂಟರಗಾಳಿ ಎಂದರೆ ಬೇಸಿಗೆಯಲ್ಲಿ ಹೊಲದ ನಡುವೆ ಎದ್ದು, ನಾಲ್ಕು ಒಣ ಎಲೆ ತಿರುಗಿಸಿ, ಬೇಸರಗೊಂಡು ಮಲಗುವಂಥದ್ದು. ಅದರೊಳಗೆ ದೆವ್ವ ಇರುತ್ತದೆ, ಮೂರು ಸಲ ಉಗುಳಿದರೆ ದಾರಿ ಬಿಡುತ್ತದೆ ಎಂದು ನಮ್ಮಜ್ಜಿ ಕಲಿಸಿದ್ದಳು. ಅಜ್ಜಿಯ ಕ್ರಮಕ್ಕೆ ಕೋಣೆಯೂ ಬೇಕಿರಲಿಲ್ಲ, ವರದಿಯೂ ಬೇಕಿರಲಿಲ್ಲ.

ನಮ್ಮ ಕಚೇರಿ ಇದ್ದದ್ದು ಭೂಪಾಲಣ್ಣ ಎಂಬ ತಂಬಾಕು ವ್ಯಾಪಾರಿಯ ವಾಡೆಯ ಮುಂಭಾಗದಲ್ಲಿ, ಬಾಡಿಗೆಗೆ. ನಮ್ಮ ಪಾಲಿಗೆ ಬಂದ ಕೋಣೆಗಳಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚು. ಕಿಟಕಿಯಿಲ್ಲದ ಕೋಣೆ ಇಡೀ ಕಟ್ಟಡದಲ್ಲಿ ಒಂದೇ, ಅದು ಭೂಪಾಲಣ್ಣ ತಂಬಾಕಿನ ಚೀಲ ತುಂಬಿಡುವ ವಖಾರಿ. ಕೇಳಲು ಹೋದೆ. ಅವರು ನನ್ನನ್ನು ಗಾದಿಯ ಮೇಲೆ ಕೂಡಿಸಿ, ಚಹಾ ತರಿಸಿ, ಸುತ್ತೋಲೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಜೀವ ಉಳಿಸುವ ಕೆಲಸಕ್ಕೆ ಬೇಡವೆನ್ನಲಾಗದು ಎಂದರು. ಕರಾರು ಒಂದೇ.

"ಒಳಗ ತಕ್ಕಡಿ ಐತ್ರಿ, ಲಕ್ಷ್ಮೀ ಜಾಗಾ. ಗಾಳಿ ಬರವಲ್ದ್ಯಾಕ, ಗುಡುಗ ಬರವಲ್ದ್ಯಾಕ, ಚಪ್ಪಲಿ ಹೊರಗ."

ಮೊದಲ ತಾಲೀಮಿನ ದಿನ ನಾನು ಸೀಟಿ ಊದಿದೆ. ನಾನೂ ಸಾಹೇಬರೂ ಸೇರಿ ಹನ್ನೆರಡು ಜನ ವಖಾರಿಯ ಬಾಗಿಲಿಗೆ ಬಂದು ಅಲ್ಲಿಯೇ ನಿಂತೆವು. ಸಾಹೇಬರು ಸುತ್ತೋಲೆಯ ಪ್ರಕಾರ ಎಲ್ಲರನ್ನೂ ಮುಂದೆ ಹೋಗಿರೆಂದರು. ಸಾಹೇಬರನ್ನು ಹಿಂದೆ ಬಿಟ್ಟು ಒಳಗೆ ಹೋಗುವಷ್ಟು ಮರ್ಯಾದೆಗೆಟ್ಟವರು ನಮ್ಮಲ್ಲಿ ಯಾರೂ ಇರಲಿಲ್ಲ. ನೀವು ನಡೀರಿ, ಛೇ ಛೇ ತಾವು ನಡೀರಿ ಎಂಬ ಉಪಚಾರ ಬೀಗರ ಊಟದ ಪಂಕ್ತಿಯಂತೆ ಬೆಳೆಯಿತು. ಕೊನೆಗೆ ಸಾಹೇಬರೇ ಸೋತು ಮುಂದಾದರು. ಆದರೆ ಅವರು ಧಾರವಾಡದ ಕಡೆಯವರು, ಲಾಡಿ ಕಟ್ಟುವ ಬೂಟು ಹಾಕುವವರು. ಅವರು ಕುಕ್ಕರಗಾಲಿನಲ್ಲಿ ಕೂತು ಲಾಡಿಯ ಗಂಟು ಬಿಚ್ಚುವವರೆಗೆ ಉಳಿದ ಹನ್ನೊಂದು ಜನ ಕೈಕಟ್ಟಿ ನಿಂತೆವು. ಒಳಗೆ ಹೋದ ಮೇಲೆ ಟೈಪಿಸ್ಟ್ ಶಾಂತಾಬಾಯಿಗೆ ತಂಬಾಕಿನ ಘಾಟಿಗೆ ಹತ್ತಿದ ಸೀನು ಸಂಜೆಯವರೆಗೆ ಬಿಡಲಿಲ್ಲ. ಹೊರಗೆ ಬಂದರೆ ಹನ್ನೊಂದು ಜೊತೆ ಕೊಲ್ಹಾಪುರಿ ಚಪ್ಪಲಿ, ಎಲ್ಲ ಒಂದೇ ತಾಯಿಯ ಮಕ್ಕಳಂತೆ. ಯಾರದು ಯಾವುದು ಎಂಬ ವಿಚಾರಣೆ ಊಟದ ಹೊತ್ತನ್ನು ನುಂಗಿತು. ಇಡೀ ಕಚೇರಿಯಲ್ಲಿ ಸಂತೋಷಪಟ್ಟವನು ಜವಾನ ಯಲ್ಲಪ್ಪ ಒಬ್ಬನೇ. ಅವನ ತಂಬಾಕಿನ ಚಂಚಿ ಒಳಗೆ ಹೋದಾಗ ಬಡವಾಗಿತ್ತು, ಬರುವಾಗ ಗರ್ಭಿಣಿಯಾಗಿತ್ತು. ತಾಲೀಮನ್ನು ವಾರಕ್ಕೊಮ್ಮೆ ಇಡಬೇಕೆಂದು ಅವನು ಸೂಚಿಸಿದ.

ನನ್ನ ಗಡಿಯಾರದಲ್ಲಿ ಹನ್ನೊಂದು ನಿಮಿಷ ಆಗಿತ್ತು. ಸಾಹೇಬರು, ಹನ್ನೊಂದನ್ನು ಮೂರು ಎಂದು ಬರೆದರೆ ತಾವು ಸಹಿ ಹಾಕುವುದಿಲ್ಲ ಎಂದರು. ಅರ್ಜಿ ಮತ್ತೆ ಪೇಪರ್‌ವೇಟಿನ ಕೆಳಗೆ ಹೋಯಿತು. ಆ ವಾರ ನಾನು ಬಸ್ಸಿನಲ್ಲಿ ನಿಂತುಕೊಂಡೇ ಹೊಸ ನಿಯಮಾವಳಿ ರಚಿಸಿದೆ. ಮಧ್ಯಾಹ್ನ ಎರಡರ ನಂತರ ಸಾಹೇಬರ ಲಾಡಿ ಸಡಿಲ ಇರತಕ್ಕದ್ದು. ತಾಲೀಮಿನ ಕಾಲದಲ್ಲಿ ಮರ್ಯಾದೆ ತೋರಿಸತಕ್ಕದ್ದಲ್ಲ. ಎಲ್ಲರೂ ಓದಿ ಸಹಿ ಮಾಡಿದರು. ಸಾಹೇಬರು ಮೊದಲು ಮಾಡಲೆಂದು ಅದಕ್ಕೂ ಅರ್ಧ ದಿನ ಕಾದರು.

ಎರಡನೆಯ ತಾಲೀಮಿಗೆ ನಾನು ಗಡಿಯಾರ, ಸೀಟಿ ಹಿಡಿದು ಮುಂಚಿತವಾಗಿಯೇ ವಖಾರಿಯೊಳಗೆ ನಿಂತಿದ್ದೆ. ಸೀಟಿ ಬಾಯಿಗಿಡಬೇಕು, ಅಷ್ಟರಲ್ಲಿ ಕೊಲ್ಹಾಪುರದ ದಿಕ್ಕಿನಿಂದ ನಿಜವಾದ ಗಾಳಿಯೇ ಎದ್ದಿತು. ಕಚೇರಿಯ ಕಿಟಕಿಗಳು ಒಂದಾದ ಮೇಲೊಂದು ಬಡಿದವು. ದೇವರು ನನ್ನ ಅರ್ಜಿಯನ್ನು ಖುದ್ದು ಕೈಗೆತ್ತಿಕೊಂಡಿದ್ದಾನೆ ಎಂದುಕೊಂಡೆ. ಗಡಿಯಾರ ನೋಡಿಕೊಂಡು ಸೀಟಿ ಊದಿದೆ. ಅದೇ ಹೊತ್ತಿಗೆ ಹಪ್ಪಳ ಶಾವಿಗೆ ಒಣಹಾಕಿದ್ದ ಮಾಳಿಗೆಯ ಮೇಲಿಂದ ಭೂಪಾಲಣ್ಣನ ಹೆಂಡತಿ ಪದ್ಮಾ ವೈನಿಯ ದನಿ ಕೇಳಿತು.

"ಶಾವಿಗಿ ಹೋದ್ವು, ಯಾರರ ಬರ್ರೆಪ್ಪಾ."

ದಡದಡನೆ ಹೆಜ್ಜೆಗಳು ವಖಾರಿಯ ಬಾಗಿಲ ಮುಂದೆಯೇ ಹಾದುಹೋದವು. ನಾನು ಮತ್ತೆ ಊದಿದೆ. ಕತ್ತಲಲ್ಲಿ ತಂಬಾಕಿನ ಚೀಲಗಳು ಮಾತ್ರ ಶಿಸ್ತಿನಿಂದ ಕೂತಿದ್ದವು. ಹೊರಬಂದು ಮೆಟ್ಟಿಲು ಹತ್ತಿದೆ. ಮೂರನೆಯ ಮೆಟ್ಟಿಲ ಮೇಲೆ ಸಾಹೇಬರ ಬೂಟುಗಳು ಬಿದ್ದಿದ್ದವು, ಲಾಡಿಯ ಗಂಟು ಬಿಚ್ಚದೆ ಹಾಗೇ ಇತ್ತು. ಮೇಲೆ, ಆಕಾಶ ಭೂಮಿ ಒಂದಾಗುವಂಥ ಧೂಳಿನಲ್ಲಿ, ಇಡೀ ಕಚೇರಿ ಬರಿಗಾಲಿನಲ್ಲಿ ಓಡಾಡುತ್ತಿತ್ತು. ಶಾಂತಾಬಾಯಿ ಹಪ್ಪಳದ ಮೇಲೆ ಸೆರಗು ಹರಡಿ ಕೂತಿದ್ದರು. ಸಾಹೇಬರು ಶಾವಿಗೆ ಹಾಕಿದ ಉದ್ದನೆಯ ಕೋಲೊಂದನ್ನು ಮದುವಣಗಿತ್ತಿಯನ್ನು ತಬ್ಬುವಂತೆ ತಬ್ಬಿಕೊಂಡು ನಿಂತಿದ್ದರು. ಸುತ್ತೋಲೆಯ ಪ್ರಕಾರ ತಾವು ಕೆಳಗಿರಬೇಕಿತ್ತು ಎಂದು ನಾನು ಗಾಳಿಯ ಮೇಲೆ ದನಿ ಏರಿಸಿ ವಿನಂತಿಸಿದೆ.

"ಆ ತುದಿ ಹಿಡೀರಿ ಮೊದಲ," ಎಂದರು ಸಾಹೇಬರು. "ಒಂದ ವರ್ಷದ ಶಾವಿಗಿ ಅವ."

ಹಿಡಿದೆ. ಹಿಡಿಯುವ ಮುನ್ನ ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಒಂದೂವರೆ ನಿಮಿಷ.

ಮರುದಿನ ವರದಿ ಬರೆದೆ. ಗಾಳಿಯ ಸೂಚನೆ ದೊರೆತ ಒಂದೂವರೆ ನಿಮಿಷದೊಳಗೆ ಸಿಬ್ಬಂದಿಯೆಲ್ಲರೂ ಕಟ್ಟಡದ ಒಂದೇ ಸ್ಥಳದಲ್ಲಿ ಸೇರಿದರು. ಮುಖ್ಯಸ್ಥರು ಸ್ವತಃ ಹಾಜರಿದ್ದು ಮಾರ್ಗದರ್ಶನ ನೀಡಿದರು. ಯಾವುದೇ ಹಾನಿ ಸಂಭವಿಸಲಿಲ್ಲ. ಒಂದಕ್ಷರ ಸುಳ್ಳಿಲ್ಲ. ಸ್ಥಳ ಯಾವುದೆಂದು ನಮೂನೆಯಲ್ಲಿ ಕೇಳಿರಲಿಲ್ಲ. ಸಾಹೇಬರು ಎರಡು ಸಲ ಓದಿದರು, ನನ್ನ ಮುಖ ನೋಡಿದರು, ಸಹಿ ಮಾಡಿದರು. ನನ್ನ ಅರ್ಜಿಯ ಮೇಲೆ, ಇಂಥ ದಕ್ಷ ನೌಕರ ಅಪರೂಪ ಎಂದು ಶಿಫಾರಸು ಬರೆದರು.

ತಿಂಗಳೊಳಗೆ ಮೇಲಿನ ಕಚೇರಿಯಿಂದ ಉತ್ತರ ಬಂತು. ಮೂರು ನಿಮಿಷದೊಳಗೆ ತಾಲೀಮು ಮುಗಿಸಿದ ಕಚೇರಿ ನಮ್ಮದೊಂದೇ ಎಂದೂ, ಇಂಥ ದಕ್ಷ ನೌಕರನನ್ನು ಅಲ್ಲಿಂದ ಕದಲಿಸುವುದು ಸಿಬ್ಬಂದಿಯ ಜೀವಕ್ಕೆ ಅಪಾಯವೆಂದೂ, ನಾನು ಉಳಿದ ಕಚೇರಿಗಳಿಗೂ ಹೋಗಿ ಕ್ರಮವನ್ನು ಕಲಿಸಿಕೊಡಬೇಕೆಂದೂ ಅದರಲ್ಲಿತ್ತು. ಚಿಕ್ಕೋಡಿ ಕಚೇರಿಯಲ್ಲಿ ನಾನು ಕೆಲಸ ಮಾಡಿದ್ದು ಹಾಗೆ ಕಲಿಸಲು ಹೋದ ಮೂರು ತಾಸು ಮಾತ್ರ, ಅದೂ ಬಂದವರಿಗೆ ಹಾಕುವ ಮಡಿಚುವ ಕುರ್ಚಿಯಲ್ಲಿ. ಖಾಲಿಯಾದ ಕುರ್ಚಿ ಅಥಣಿಯವರೊಬ್ಬರಿಗೆ ಹೋಯಿತು. ನಾನು ನಿಪ್ಪಾಣಿಯಲ್ಲಿ ಇನ್ನೂ ಆರು ವರ್ಷ ಇದ್ದೆ. ಸುಂಟರಗಾಳಿ ಬರಲಿಲ್ಲ.